ಹೂವಿನ ಪರಿಮಳಕ್ಕೆ ಹಾವು ಬರುತ್ತದೆಯೇ? ಹೂವಿನೊಳಗಿನ ಗ್ರಂಥಿಗಳು ಹೇಳುವ ಸತ್ಯ

"ಮನೆ ಮುಂದೆ ಸಂಪಿಗೆ, ರಾತ್ರಿರಾಣಿ ಬೆಳೆಸಬೇಡಿ, ಆ ಪರಿಮಳಕ್ಕೆ ಹಾವು ಬರುತ್ತದೆ." "ಹೂವಿನಿಂದ ನೇರವಾಗಿ ಹೀರಿದ ಜೇನೇ ಶುದ್ಧ, ಜೇನ್ನೊಣ ಕುಡಿಯುವುದನ್ನು ಮನುಷ್ಯ ಕುಡಿದರೆ ಏನೂ ಆಗುವುದಿಲ್ಲ." "ಹಿತ್ತಲಲ್ಲಿ ಅರಳಿದ ಈ ವಿಚಿತ್ರ ಹೂವಿನ ದುರ್ವಾಸನೆ ವಿಷಕಾರಿ, ಮನೆಗೆ ಕೇಡು." ಇಂಥ ಸಂದೇಶಗಳು ವಾಟ್ಸ್‌ಆಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಸುತ್ತುತ್ತಲೇ ಇರುತ್ತವೆ. ಓದಿದವರು ಒಳ್ಳೆಯ ಮನಸ್ಸಿನಿಂದಲೇ ಇನ್ನೊಬ್ಬರಿಗೆ ಕಳಿಸುತ್ತಾರೆ.

ಈ ಮೂರೂ ಮಾತುಗಳ ನಿಜ-ಸುಳ್ಳು ತಿಳಿಯಲು ಒಂದೇ ವಿಷಯ ಗೊತ್ತಿದ್ದರೆ ಸಾಕು. ಹೂವಿನೊಳಗೆ ಸಣ್ಣ ಸಣ್ಣ ಗ್ರಂಥಿಗಳಿವೆ. ಮಕರಂದ, ಪರಿಮಳ, ಎಣ್ಣೆ, ಅಂಟು ಇವೆಲ್ಲ ತಯಾರಾಗುವುದು ಅಲ್ಲಿಯೇ. ಪ್ರತಿಯೊಂದು ಗ್ರಂಥಿಯ ಸರಕಿಗೂ ಒಬ್ಬ ನಿರ್ದಿಷ್ಟ ಗಿರಾಕಿ ಇರುತ್ತಾನೆ. ಆ ಗಿರಾಕಿ ಯಾರು ಎಂದು ತಿಳಿದರೆ ಯಾವ ಸಂದೇಶವನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದು ಸುಲಭವಾಗುತ್ತದೆ.

ಗ್ರಂಥಿ ಎಂದರೇನು?

ನಮ್ಮ ದೇಹದಲ್ಲಿ ಬೆವರಿನ ಗ್ರಂಥಿ, ಜೊಲ್ಲಿನ ಗ್ರಂಥಿ ಇರುವ ಹಾಗೆಯೇ ಗಿಡಗಳಲ್ಲೂ ಗ್ರಂಥಿಗಳಿವೆ. ಒಂದು ವಸ್ತುವನ್ನು ತಯಾರಿಸಿ ಅಥವಾ ಸಂಗ್ರಹಿಸಿ ಹೊರಗೆ ಸ್ರವಿಸುವ ಜೀವಕೋಶಗಳ ಗುಂಪನ್ನು ಗ್ರಂಥಿ ಎನ್ನುತ್ತೇವೆ. ಕೆಲವು ಗ್ರಂಥಿಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಕೆಲವು ಕೇವಲ ಒಂದು ಸೂಕ್ಷ್ಮ ರೋಮ. ಇನ್ನು ಕೆಲವು ಹೂವುಗಳಲ್ಲಿ ಪ್ರತ್ಯೇಕ ಗ್ರಂಥಿಯೇ ಇರುವುದಿಲ್ಲ, ದಳದ ಹೊರಪದರದ ಜೀವಕೋಶಗಳೇ ಆ ಕೆಲಸ ಮಾಡುತ್ತವೆ.

ಗಿಡಕ್ಕೆ ಇವು ಏಕೆ ಬೇಕು? ಗಿಡ ನಡೆದುಹೋಗಿ ಸಂಗಾತಿಯನ್ನು ಹುಡುಕಲಾರದು. ಒಂದು ಹೂವಿನ ಪರಾಗ ಇನ್ನೊಂದು ಹೂವಿಗೆ ತಲುಪಬೇಕಾದರೆ ಗಾಳಿ, ನೀರು ಅಥವಾ ಯಾವುದಾದರೂ ಪ್ರಾಣಿ ಹೊರಬೇಕು. ಪ್ರಾಣಿ ಪುಕ್ಕಟೆ ಕೆಲಸ ಮಾಡುವುದಿಲ್ಲ. ಅದನ್ನು ಕರೆಯಲು ಪರಿಮಳ, ಕೂಲಿ ಕೊಡಲು ಮಕರಂದ. ಪರಾಗಸ್ಪರ್ಶಕ್ಕೆ ಪ್ರಾಣಿಗಳ ನೆರವು ಬೇಕಿಲ್ಲದ ಭತ್ತ, ರಾಗಿ, ಜೋಳದ ಹೂವುಗಳಲ್ಲಿ ಮಕರಂದವೂ ಇಲ್ಲ, ಸೆಳೆಯುವ ಸುವಾಸನೆಯೂ ಇಲ್ಲ. ಕೂಲಿಯಾಳೇ ಬೇಡದ ಕಡೆ ಕೂಲಿಯ ಖರ್ಚೇಕೆ?

ಹೂವಿಗೂ ಕೀಟಕ್ಕೂ ಇರುವ ಈ ಲೆಕ್ಕಾಚಾರವನ್ನು ವಿವರವಾಗಿ ಬರೆದವರು ಜರ್ಮನಿಯ ಶಾಲಾ ಶಿಕ್ಷಕ ಕ್ರಿಶ್ಚಿಯನ್ ಕೊನ್ರಾಡ್ ಸ್ಪ್ರೆಂಗೆಲ್. 1793ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಮಕರಂದ ಇರುವುದು ಕೀಟಗಳಿಗಾಗಿ ಎಂದು ತೋರಿಸಿದರು. ದಳಗಳ ಮೇಲಿನ ಗೆರೆ, ಚುಕ್ಕೆಗಳು ಮಕರಂದ ಇರುವ ಜಾಗಕ್ಕೆ ದಾರಿ ತೋರಿಸುತ್ತವೆ ಎಂದೂ ಗುರುತಿಸಿದರು.

ಮಕರಂದ ಗ್ರಂಥಿ ಹೂವಿನಲ್ಲಿ ಎಲ್ಲಿರುತ್ತದೆ?

ಎಲ್ಲ ಹೂವುಗಳಲ್ಲೂ ಒಂದೇ ಜಾಗದಲ್ಲಿ ಇರುವುದಿಲ್ಲ. ನಮ್ಮ ಸುತ್ತಲಿನ ಹೂವುಗಳನ್ನೇ ನೋಡೋಣ.

ಸಾಸಿವೆ: ಕೇಸರಗಳ ಬುಡದಲ್ಲಿ ನಾಲ್ಕು ಪುಟ್ಟ ಹಸಿರು ಗಂಟುಗಳಿರುತ್ತವೆ. ಅವೇ ಮಕರಂದ ಗ್ರಂಥಿಗಳು.

ನಿಂಬೆ, ಕಿತ್ತಳೆ: ಅಂಡಾಶಯದ ಬುಡದ ಸುತ್ತ ಉಂಗುರದಂಥ ದಪ್ಪ ಭಾಗವಿರುತ್ತದೆ.

ಕೇಪಳ, ಕಾಫಿ: ಇವೆರಡೂ ಒಂದೇ ಕುಟುಂಬದವು. ಇವುಗಳಲ್ಲಿ ಗ್ರಂಥಿ ಹೂವಿನ ಕೊಳವೆಯ ತಳದಲ್ಲಿ, ಅಂಡಾಶಯದ ತಲೆಯ ಮೇಲೆ ಬಿಲ್ಲೆಯಂತೆ ಕುಳಿತಿರುತ್ತದೆ. ಕೇಪಳದ ಹೂ ಕಿತ್ತು ಬುಡ ಚೀಪಿದಾಗ ಸಿಗುವ ಸಿಹಿ ಇದರದ್ದೇ.

ದಾಸವಾಳ: ಇಲ್ಲಿ ಗ್ರಂಥಿ ಕೆಂಪು ದಳದಲ್ಲಿ ಇಲ್ಲ. ಹೂವಿನ ಹಿಂದಿನ ಹಸಿರು ಬಟ್ಟಲಿನ ಒಳಗೋಡೆಯ ಬುಡದಲ್ಲಿ ಸೂಕ್ಷ್ಮ ರೋಮಗಳು ಒತ್ತೊತ್ತಾಗಿ ಬೆಳೆದಿರುತ್ತವೆ. ಮಕರಂದ ಸ್ರವಿಸುವುದು ಈ ರೋಮಗಳೇ. ಹತ್ತಿ, ಬೆಂಡೆಯ ಹೂವುಗಳದ್ದೂ ಇದೇ ಬಗೆ.

ಬಾಳೆ: ಗ್ರಂಥಿ ಅಂಡಾಶಯದ ಒಳಗೋಡೆಗಳ ಸೀಳಿನಲ್ಲಿ ಅಡಗಿರುತ್ತದೆ. ಅಲ್ಲಿಂದ ಮಕರಂದ ಹೊರಬಂದು ಹೂವಿನ ತಳದಲ್ಲಿ ತುಂಬಿಕೊಳ್ಳುತ್ತದೆ. ಸೂರಕ್ಕಿ, ಬಾವಲಿಗಳು ಬಾಳೆಯ ಮೂತಿಗೆ ಮುತ್ತುವುದು ಇದಕ್ಕಾಗಿ.

ಹೂವಿನ ಹೊರಗೂ ಮಕರಂದ ಗ್ರಂಥಿಗಳು ಇರಬಹುದು. ಹರಳು ಗಿಡದ ಎಲೆಯ ತೊಟ್ಟಿನ ಮೇಲೆ, ಹತ್ತಿ ಎಲೆಯ ಕೆಳಮೈಯ ನರದ ಮೇಲೆ ಇವನ್ನು ನೋಡಬಹುದು. ಇವುಗಳ ಗಿರಾಕಿ ಇರುವೆ. ಸಿಹಿಗಾಗಿ ಬಂದ ಇರುವೆಗಳು ಎಲೆ ತಿನ್ನುವ ಹುಳುಗಳನ್ನು ಓಡಿಸುತ್ತವೆ. ಹಾಗಾಗಿ ಗಿಡದ ಮೇಲೆ ಇರುವೆ ಕಂಡ ಕೂಡಲೇ ಔಷಧಿ ಹೊಡೆಯುವ ಮುನ್ನ ಅವು ಏಕೆ ಬಂದಿವೆ ಎಂದು ಒಮ್ಮೆ ನೋಡುವುದು ಒಳ್ಳೆಯದು.

ಗ್ರಂಥಿಯ ಒಳಗೆ ಏನು ನಡೆಯುತ್ತದೆ?

ಸಾಮಾನ್ಯ ಮಕರಂದ ಗ್ರಂಥಿಯಲ್ಲಿ ಮೂರು ಭಾಗಗಳನ್ನು ಗುರುತಿಸಬಹುದು. ಮೇಲೆ ತೆಳುವಾದ ಹೊರಪದರ. ಅದರ ಕೆಳಗೆ ಚಿಕ್ಕ ಜೀವಕೋಶಗಳು ಒತ್ತಾಗಿ ತುಂಬಿರುವ ಸ್ರಾವಕ ಪದರ. ಅದಕ್ಕೂ ಕೆಳಗೆ ಆಹಾರ ಸಾಗಿಸುವ ನಾಳಗಳು, ಅಂದರೆ ಶಾಲೆಯ ಪುಸ್ತಕದಲ್ಲಿ ಓದಿದ ಫ್ಲೋಯಮ್.

ಎಲೆಯಲ್ಲಿ ತಯಾರಾದ ಸಕ್ಕರೆ ಫ್ಲೋಯಮ್ ಮೂಲಕ ಗ್ರಂಥಿಗೆ ಬರುತ್ತದೆ. ಕೆಲವು ಗಿಡಗಳಲ್ಲಿ ಅದು ಮೊದಲು ಪಿಷ್ಟವಾಗಿ ಶೇಖರವಾಗಿದ್ದು, ಹೂವು ಅರಳುವ ಹೊತ್ತಿಗೆ ಮತ್ತೆ ಸಕ್ಕರೆಯಾಗುತ್ತದೆ. ಜೀವಕೋಶದಿಂದ ಸಕ್ಕರೆಯನ್ನು ಹೊರಗೆ ದಾಟಿಸಲು ಒಂದು ಬಾಗಿಲು ಬೇಕು. ಆ ಬಾಗಿಲು ಒಂದು ಪ್ರೋಟೀನ್. ಸಾಸಿವೆಯ ಕುಟುಂಬದ ಸಸ್ಯಗಳಲ್ಲೂ ತಂಬಾಕಿನ ಜಾತಿಯ ಒಂದು ಗಿಡದಲ್ಲೂ ಈ ಕೆಲಸ ಮಾಡುವ 'ಸ್ವೀಟ್9' ಎಂಬ ಪ್ರೋಟೀನನ್ನು ವಿಜ್ಞಾನಿಗಳು 2014ರಲ್ಲಿ ವಿವರಿಸಿದರು. ಅದು ಇಲ್ಲದಂತೆ ಮಾಡಿದ ಗಿಡಗಳ ಹೂವು ಮಕರಂದವನ್ನೇ ಸ್ರವಿಸಲಿಲ್ಲ.

ಸಕ್ಕರೆ ಹೊರಬಂದರೆ ಅದರ ಹಿಂದೆಯೇ ನೀರೂ ಬರುತ್ತದೆ. ಉಪ್ಪು ಸವರಿದ ಸೌತೆಕಾಯಿ ನೀರು ಬಿಡುವುದೂ ಇದೇ ತತ್ತ್ವದಿಂದ. ಹೀಗೆ ಸೇರಿದ ಸಿಹಿನೀರು ಹೊರಪದರದ ರಂಧ್ರಗಳಿಂದ ಜಿನುಗುತ್ತದೆ. ಈ ರಂಧ್ರಗಳು ಎಲೆಯ ಪತ್ರರಂಧ್ರಗಳದ್ದೇ ಬದಲಾದ ರೂಪ. ಎಲೆಯಲ್ಲಿ ಅವು ತೆರೆದು ಮುಚ್ಚುತ್ತವೆ, ಇಲ್ಲಿ ಸಾಮಾನ್ಯವಾಗಿ ತೆರೆದೇ ಇರುತ್ತವೆ.

ಮಕರಂದದಲ್ಲಿ ಮುಖ್ಯವಾಗಿ ಸುಕ್ರೋಸ್, ಗ್ಲೂಕೋಸ್, ಫ್ರಕ್ಟೋಸ್ ಎಂಬ ಮೂರು ಸಕ್ಕರೆಗಳಿರುತ್ತವೆ. ಜೊತೆಗೆ ಅಲ್ಪ ಪ್ರಮಾಣದಲ್ಲಿ ಅಮೈನೋ ಆಮ್ಲ, ಖನಿಜ, ಪ್ರೋಟೀನ್ ಇರುತ್ತವೆ. ಸಕ್ಕರೆಯ ಪ್ರಮಾಣ ಹೂವಿನಿಂದ ಹೂವಿಗೆ ಬೇರೆ, ಸುಮಾರು ಶೇ. 10ರಿಂದ ಶೇ. 70ರವರೆಗೂ ಇರಬಹುದು. ಹಕ್ಕಿಗಳಿಗೆಂದು ಇರುವ ಹೂವುಗಳಲ್ಲಿ ಮಕರಂದ ತೆಳು, ಜೇನ್ನೊಣಗಳಿಗೆಂದು ಇರುವ ಹೂವುಗಳಲ್ಲಿ ಸಾಮಾನ್ಯವಾಗಿ ಮಂದ.

ಹಾಗಾದರೆ ಹೂವಿನಲ್ಲಿರುವುದು ಜೇನುತುಪ್ಪವೇ?

ಅಲ್ಲ. ಹೂವಿನಲ್ಲಿರುವುದು ಮಕರಂದ. ಅದು ಜೇನುತುಪ್ಪವಾಗುವುದು ಗೂಡಿನಲ್ಲಿ. ತುಡುವೆಯಾಗಲಿ ಹೆಜ್ಜೇನಾಗಲಿ, ಮಕರಂದವನ್ನು ಹೊಟ್ಟೆಯ ವಿಶೇಷ ಚೀಲದಲ್ಲಿ ತುಂಬಿಕೊಂಡು ಬರುತ್ತದೆ. ತನ್ನ ಗ್ರಂಥಿಗಳ ಕಿಣ್ವವನ್ನು ಅದಕ್ಕೆ ಬೆರೆಸುತ್ತದೆ. ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಆಮೇಲೆ ನೊಣಗಳು ರೆಕ್ಕೆ ಬೀಸಿ ನೀರಿನಂಶವನ್ನು ಆರಿಸುತ್ತವೆ. ನೀರು ಶೇ. 20ಕ್ಕಿಂತ ಕಡಿಮೆಯಾದಾಗ ಮಾತ್ರ ಅದು ಕೆಡದೆ ಉಳಿಯುವ ಜೇನುತುಪ್ಪ. ಆದ್ದರಿಂದ "ಹೂವಿನಿಂದ ನೇರವಾಗಿ ಸಿಗುವ ಶುದ್ಧ ಜೇನು" ಎಂಬ ವಸ್ತುವೇ ಇಲ್ಲ.

ಪರಿಮಳ ಎಲ್ಲಿಂದ ಬರುತ್ತದೆ?

ಸುಲಭವಾಗಿ ಆವಿಯಾಗುವ ರಾಸಾಯನಿಕಗಳ ಮಿಶ್ರಣವೇ ಪರಿಮಳ. ಅವನ್ನು ಬಿಡುಗಡೆ ಮಾಡುವ ಭಾಗವನ್ನು ಪರಿಮಳ ಗ್ರಂಥಿ ಎನ್ನುತ್ತಾರೆ. ಈ ಗ್ರಂಥಿಗಳ ರಚನೆಯನ್ನು 1960ರ ದಶಕದಲ್ಲಿ ಸಸ್ಯವಿಜ್ಞಾನಿ ಸ್ಟೆಫಾನ್ ಫೋಗೆಲ್ ವಿವರವಾಗಿ ಅಧ್ಯಯನ ಮಾಡಿದರು. ಇವಕ್ಕೆ ಮಕರಂದ ಗ್ರಂಥಿಯ ಹಾಗೆ ಹನಿ ಹೊರಹಾಕುವ ಕೆಲಸವಿಲ್ಲ. ಹೊರಪದರದ ಮೂಲಕ ಆವಿ ಗಾಳಿಗೆ ಸೇರುತ್ತದೆ.

ಮಲ್ಲಿಗೆಯಲ್ಲಿ ಬೆಂಜೈಲ್ ಅಸಿಟೇಟ್, ಲಿನಲೂಲ್, ಇಂಡೋಲ್ ಮುಂತಾದವು ಸೇರಿ ಆ ಸುವಾಸನೆ ಉಂಟಾಗುತ್ತದೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಬೆಳಗ್ಗೆ ಕೊಯ್ದ ಮೊಗ್ಗಿಗೆ ಹೆಚ್ಚು ವಾಸನೆ ಇರುವುದಿಲ್ಲ. ಸಂಜೆ ಅದು ಮಾಲೆಯಲ್ಲೇ ಬಿರಿದಾಗ ಘಮ ಹರಡುತ್ತದೆ. ಕಾರಣ, ಮಲ್ಲಿಗೆ ಪರಿಮಳವನ್ನು ಮೊದಲೇ ತುಂಬಿ ಇಟ್ಟುಕೊಂಡಿರುವುದಿಲ್ಲ, ಅರಳುತ್ತಾ ತಯಾರಿಸುತ್ತದೆ. ಗಿಡದಿಂದ ಬಿಡಿಸಿದ ಮೇಲೂ ಕೆಲವು ಗಂಟೆ ಆ ಕೆಲಸ ನಡೆಯುತ್ತದೆ.

ರಾತ್ರಿ ಅರಳುವ ಹೂವುಗಳಲ್ಲಿ ಹೆಚ್ಚಿನವು ಬಿಳಿ, ಹೆಚ್ಚಿನವು ಘಾಟು ಪರಿಮಳದವು. ಕತ್ತಲಲ್ಲಿ ಬಣ್ಣ ಕಾಣುವುದಿಲ್ಲವಾದ್ದರಿಂದ ವಾಸನೆಯೇ ವಿಳಾಸ. ಆ ವಿಳಾಸ ಹಿಡಿದು ಬರುವವರು ಮುಖ್ಯವಾಗಿ ರಾತ್ರಿ ಹಾರಾಡುವ ಪತಂಗಗಳು.

ಸುವರ್ಣಗೆಡ್ಡೆಯ ಹೂವು ಕೇಡಿನ ಗುರುತೇ?

ಮಳೆಗಾಲದ ಆರಂಭದಲ್ಲಿ ಹಿತ್ತಲಿನ ನೆಲ ಸೀಳಿ ಕಂದುಬಣ್ಣದ ದೊಡ್ಡ ಹೂಗೊಂಚಲು ಏಳುತ್ತದೆ. ಒಂದು ಎಲೆಯೂ ಇರುವುದಿಲ್ಲ. ಸತ್ತ ಇಲಿಯಂಥ ವಾಸನೆ. ಫೋಟೋ ತೆಗೆದು "ಅಪರೂಪದ ಹೂವು, ಅಪಶಕುನ" ಎಂದು ಹಂಚುತ್ತಾರೆ. ಅದು ನಾವು ಪಲ್ಯ, ಸಾಂಬಾರು ಮಾಡಿ ತಿನ್ನುವ ಸುವರ್ಣಗೆಡ್ಡೆಯ ಹೂವು.

ಅದರ ನಡುವೆ ಮೇಲೆದ್ದಿರುವ ಉಬ್ಬಿದ ಟೊಪ್ಪಿಗೆಯಂಥ ಭಾಗವೇ ಬೃಹತ್ ಪರಿಮಳ ಗ್ರಂಥಿ. 'ಪರಿಮಳ' ಎನ್ನಲು ಮೂಗು ಒಪ್ಪದಿದ್ದರೂ ಕೆಲಸ ಅದೇ. ಕೊಳೆತ ಮಾಂಸದ ವಾಸನೆ ಹಿಡಿದು ಬರುವ ಕೀಟಗಳೇ ಇದರ ಗಿರಾಕಿಗಳು. ವಾಸನೆ ಚೆನ್ನಾಗಿ ಹರಡಲೆಂದು ಈ ಭಾಗ ಬಿಸಿಯೂ ಆಗುತ್ತದೆ. ಇದೇ ಕುಟುಂಬದ ಇನ್ನೊಂದು ಗಿಡದಲ್ಲಿ ಈ ಬಿಸಿಗೆ ಚಾಲನೆ ಕೊಡುವುದು ಸ್ಯಾಲಿಸಿಲಿಕ್ ಆಮ್ಲ ಎಂದು 1987ರಲ್ಲಿ ಪತ್ತೆಯಾಯಿತು. ವಾಸನೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಅದನ್ನು ಮೂಸಿದರೆ ವಿಷವೇರುವುದಿಲ್ಲ. ಆದರೆ ಗಿಡದ ಹಸಿ ಭಾಗ ಬಾಯಿಗೆ ಹೋದರೆ ಅದರಲ್ಲಿರುವ ಸೂಜಿಯಂಥ ಹರಳುಗಳಿಂದ ತುರಿಕೆ, ಉರಿ ಆಗುತ್ತದೆ.

ಪರಿಮಳಕ್ಕೆ ಹಾವು ಬರುತ್ತದೆಯೇ?

ಹಾವುಗಳಲ್ಲಿ ಸಸ್ಯಾಹಾರಿ ಒಂದೂ ಇಲ್ಲ. ಮಕರಂದ ಕುಡಿಯುವ ಹಾವಿಲ್ಲ, ಪರಾಗ ತಿನ್ನುವ ಹಾವಿಲ್ಲ. ಅದು ನಾಲಿಗೆ ಚಾಚಿ ಗಾಳಿಯ, ನೆಲದ ಕಣಗಳನ್ನು ಬಾಯಿಯ ಮೇಲ್ಭಾಗದ ಅಂಗಕ್ಕೆ ಒಯ್ದು ವಾಸನೆ ಗ್ರಹಿಸುತ್ತದೆ. ಹುಡುಕುವುದು ಇಲಿ, ಕಪ್ಪೆ, ಹಲ್ಲಿಯಂಥ ಬೇಟೆಯನ್ನು, ಸಂಗಾತಿಯನ್ನು, ಅಡಗುವ ಜಾಗವನ್ನು. ಮಲ್ಲಿಗೆಯ ಘಮದಿಂದ ಅದಕ್ಕೆ ಆಗಬೇಕಾದ್ದು ಏನೂ ಇಲ್ಲ.

ಹಾಗಿದ್ದರೂ ಕೇದಗೆಯ ಮೆಳೆಯಲ್ಲಿ ಹಾವು ಕಂಡವರು ಸುಳ್ಳು ಹೇಳುತ್ತಿಲ್ಲ. ಕೇದಗೆ ಬೆಳೆಯುವುದು ನೀರಿನ ಅಂಚಿನಲ್ಲಿ, ದಟ್ಟವಾದ ಮುಳ್ಳಿನ ಮೆಳೆಯಾಗಿ. ಅಲ್ಲಿ ತಂಪಿದೆ, ಕಪ್ಪೆ-ಇಲಿಗಳಿವೆ, ಮರೆ ಇದೆ. ಮಲ್ಲಿಗೆ ಬಳ್ಳಿ ಹಬ್ಬಿ ಪೊದೆಯಾದ ಕಡೆಯೂ ಹಾಗೆಯೇ. ಹೂವಿಲ್ಲದ ಪೊದೆ, ಕಟ್ಟಿಗೆ ರಾಶಿ, ಕಲ್ಲಿನ ಗುಡ್ಡೆಗಳಲ್ಲೂ ಹಾವು ಅಷ್ಟೇ ಇರುತ್ತದೆ.

ಈ ತಪ್ಪು ನಂಬಿಕೆಯಿಂದ ಎರಡು ನಷ್ಟ. ಒಂದು, ಒಳ್ಳೆಯ ಸಂಪಿಗೆ ಮರ ಸುಮ್ಮನೆ ಕೊಡಲಿಗೆ ಬಲಿಯಾಗುತ್ತದೆ. ಎರಡನೆಯದು ದೊಡ್ಡದು. ಮರ ಕಡಿದೆವು, ಇನ್ನು ಹಾವಿನ ಭಯವಿಲ್ಲ ಎಂದುಕೊಂಡು ಇಲಿ, ಕಸದ ರಾಶಿ, ಕತ್ತಲ ಹಾದಿಯ ಕಡೆ ಗಮನವೇ ಹೋಗುವುದಿಲ್ಲ. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಡಿತದಿಂದ ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಆದ್ದರಿಂದ ಮನೆಯ ಸುತ್ತ ಕಸ, ಇಲಿ ಇರದಂತೆ ನೋಡಿಕೊಳ್ಳಿ. ರಾತ್ರಿ ಟಾರ್ಚ್ ಹಿಡಿದು ನಡೆಯಿರಿ. ಕಡಿದರೆ ಗಾಯ ಕೊಯ್ಯಬೇಡಿ, ಬಾಯಿಯಿಂದ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ಬಳೆ ತೆಗೆದು, ಕಡಿದ ಕೈ ಅಥವಾ ಕಾಲು ಅಲುಗಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಹೋಗಿ.

ಎಣ್ಣೆ, ಅಂಟು, ನೀರು: ಇನ್ನಷ್ಟು ಗ್ರಂಥಿಗಳು

ಎಲ್ಲ ಹೂವುಗಳೂ ಸಿಹಿಯನ್ನೇ ಕೂಲಿಯಾಗಿ ಕೊಡುವುದಿಲ್ಲ. ಅಮೆರಿಕ ಖಂಡದ ಕೆಲವು ಸಸ್ಯಗಳ ಪುಷ್ಪಪತ್ರಗಳ ಹೊರಮೈಯಲ್ಲಿ ಜೋಡಿಜೋಡಿಯಾಗಿ ಎಣ್ಣೆ ಗ್ರಂಥಿಗಳಿವೆ. ನಮ್ಮಲ್ಲೂ ಬೆಳೆಸುವ ಬಾರ್ಬಡೋಸ್ ಚೆರ್ರಿ ಆ ಗುಂಪಿನದೇ. ಅಲ್ಲಿನ ಕೆಲವು ಒಂಟಿ ಜೇನ್ನೊಣಗಳು ಈ ಎಣ್ಣೆಯನ್ನು ಕಾಲಿನಿಂದ ಕೆರೆದು ತೆಗೆದು ಮರಿಗಳಿಗೆ ಉಣಿಸುತ್ತವೆ. ಕ್ಲೂಸಿಯಾ ಎಂಬ ಸಸ್ಯಗಳ ಹೂವು ರಾಳ ಕೊಡುತ್ತದೆ. ನೊಣಗಳಿಗೆ ಅದು ಗೂಡು ಕಟ್ಟುವ ಗಾರೆ.

ಚಿತ್ರಮೂಲದ ಹೂವಿನ ಹಸಿರು ಬಟ್ಟಲಿನ ಮೇಲೆ ಅಂಟಂಟು ರೋಮಗಳಿರುತ್ತವೆ. ಮುಟ್ಟಿದರೆ ಬಟ್ಟೆಗೆ ಹಿಡಿಯುತ್ತವೆ. ಹತ್ತಿ ಬರುವ ಸಣ್ಣ ಕೀಟಗಳಿಗೆ ಅದು ತಡೆ. ಬೆಂಗಳೂರಿನ ರಸ್ತೆಬದಿಯ ನೀರುಕಾಯಿ ಮರದ ಮೊಗ್ಗು ಹಿಂಡಿ ಮಕ್ಕಳು ನೀರು ಚಿಮ್ಮಿಸಿ ಆಡುತ್ತಾರಲ್ಲ, ಆ ನೀರು ಮಳೆಯದ್ದಲ್ಲ. ಮೊಗ್ಗಿನ ಹೊದಿಕೆಯ ಒಳಗಿನ ಗ್ರಂಥಿಗಳು ಸ್ರವಿಸಿದ್ದು. ಆಫ್ರಿಕಾ ಮೂಲದ ಈ ಮರದ ಎಳೆಯ ಹೂವು ಆ ನೀರಿನಲ್ಲೇ ಬೆಳೆಯುತ್ತದೆ.

ಕೂಲಿ ಕೊಡದೆ ಕೆಲಸ ಮಾಡಿಸಿಕೊಳ್ಳುವ ಹೂವುಗಳೂ ಇವೆ. ಗುಲಾಬಿ, ಬಿಳಿ ಬಣ್ಣದ ಕಣಗಿಲೆ ಸುವಾಸನೆ ಬೀರುತ್ತದೆ, ಆದರೆ ಮಕರಂದ ಕೊಡುವುದಿಲ್ಲ. ವಾಸನೆ ನಂಬಿ ಬಂದ ಕೀಟಕ್ಕೆ ಸಿಗುವುದು ಬರಿ ಓಡಾಟ.

ಜೇನ್ನೊಣಕ್ಕೆ ಒಗ್ಗಿದ್ದು ನಮಗೂ ಒಗ್ಗುತ್ತದೆಯೇ?

ಈ ಸಂದೇಶವೇ ಎಲ್ಲಕ್ಕಿಂತ ಅಪಾಯಕಾರಿ. ಮಕರಂದ ತಯಾರಾಗುವುದು ಗಿಡದ ರಸದಿಂದ. ಗಿಡದಲ್ಲಿ ವಿಷವಿದ್ದರೆ ಅದು ಮಕರಂದಕ್ಕೂ ಬರಬಹುದು. ಕೀಟದ ದೇಹ ತಾಳಿಕೊಳ್ಳುವ ವಿಷವನ್ನು ನಮ್ಮ ದೇಹ ತಾಳಬೇಕೆಂದಿಲ್ಲ.

ಕ್ರಿ.ಪೂ. 401ರಲ್ಲಿ ಕಪ್ಪು ಸಮುದ್ರದ ದಡದಲ್ಲಿ ಸಾಗುತ್ತಿದ್ದ ಗ್ರೀಕ್ ಸೈನಿಕರು ಅಲ್ಲಿನ ಜೇನು ತಿಂದು ವಾಂತಿ-ಭೇದಿಯಾಗಿ, ನಿಲ್ಲಲಾಗದೆ ಬಿದ್ದರೆಂದು ಅವರ ಜೊತೆಗಿದ್ದ ಕ್ಸೆನೊಫೋನ್ ಬರೆದಿದ್ದಾನೆ. ಮೂರು-ನಾಲ್ಕು ದಿನಗಳಲ್ಲಿ ಅವರು ಎದ್ದು ಓಡಾಡಿದರು. ಇದಕ್ಕೆ ಕಾರಣ ರೋಡೋಡೆಂಡ್ರಾನ್ ಹೂವಿನ ಮಕರಂದದ ವಿಷ ಎಂದು ಇಂದು ತಿಳಿಯಲಾಗಿದೆ. ಟರ್ಕಿ, ನೇಪಾಳಗಳಲ್ಲಿ ಈಗಲೂ ಸಿಗುವ ಇಂಥ 'ಹುಚ್ಚು ಜೇನು' ತಿಂದವರ ರಕ್ತದೊತ್ತಡ ಕುಸಿದು, ಎದೆಬಡಿತ ನಿಧಾನವಾಗಿ, ಆಸ್ಪತ್ರೆ ಸೇರುವುದುಂಟು.

ನಮ್ಮ ಸುತ್ತಲೂ ಎಚ್ಚರ ಬೇಕು. ದತ್ತೂರಿ, ಅಂದರೆ ಉಮ್ಮತ್ತದ ಗಿಡ, ಮತ್ತು ಗಂಟೆಯಂತೆ ಜೋತುಬೀಳುವ ಅದರ ಸಂಬಂಧಿ ಹೂವು, ಇವೆರಡರ ಎಲ್ಲ ಭಾಗವೂ ವಿಷ. ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಎದೆಬಡಿತ ಏರುವುದು, ಬಡಬಡಿಸುವುದು ಇದರ ಲಕ್ಷಣಗಳು. ಕಣಗಿಲೆಯ ವಿಷ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಮಕ್ಕಳು ಇಂಥ ಹೂವನ್ನು ಚೀಪಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಹೂವನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ. ಗುರುತಿಲ್ಲದ ಹೂವನ್ನು ಬಾಯಿಗೆ ಇಡಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಕೊಡಿ.

ರೈತರು ತಿಳಿಯಬೇಕಾದ್ದು

ಗಿಡದ ರಸದಲ್ಲಿ ಇರುವುದು ಮಕರಂದಕ್ಕೂ ಬರುತ್ತದೆ ಎಂಬ ಮಾತು ಕೀಟನಾಶಕಕ್ಕೂ ಅನ್ವಯಿಸುತ್ತದೆ. ಬೀಜಕ್ಕೆ ಲೇಪಿಸಿದ ಅಥವಾ ಬುಡಕ್ಕೆ ಹಾಕಿದ ಕೆಲವು ಕೀಟನಾಶಕಗಳು ಗಿಡದೊಳಗೆಲ್ಲ ಹರಡಿ ಪರಾಗ, ಮಕರಂದಗಳಲ್ಲೂ ಕಾಣಿಸಿಕೊಳ್ಳುತ್ತವೆ. ಇದೇ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2018ರಲ್ಲಿ ಇಂಥ ಮೂರು ಕೀಟನಾಶಕಗಳನ್ನು ಬಯಲಿನಲ್ಲಿ ಬಳಸದಂತೆ ನಿಷೇಧಿಸಿತು. ಬೆಳೆ ಹೂವಿನಲ್ಲಿರುವಾಗ ಸಿಂಪಡಣೆ ಬೇಡ. ಅನಿವಾರ್ಯವಾದರೆ ನೊಣಗಳು ಗೂಡಿಗೆ ಮರಳಿದ ಮೇಲೆ, ಸಂಜೆ ಹೊತ್ತು ಮಾಡಿ.

ನೀವೇ ನೋಡಬಹುದು

ಸಂಜೆ ದಾಸವಾಳದ ದೊಡ್ಡ ಮೊಗ್ಗೊಂದಕ್ಕೆ ತೆಳುಬಟ್ಟೆಯ ಚೀಲ ಕಟ್ಟಿ. ಮರುದಿನ ಅರಳಿದ ಮೇಲೆ ಹೂವನ್ನು ಕಿತ್ತು, ಹಿಂದಿನ ಹಸಿರು ಬಟ್ಟಲನ್ನು ಸೀಳಿ ಒಳಬುಡ ನೋಡಿ. ಕೀಟ, ಹಕ್ಕಿಗಳು ಕುಡಿಯದೆ ಬಿಟ್ಟ ಮಕರಂದ ಮಿನುಗುತ್ತಿರುತ್ತದೆ. ಭೂತಗನ್ನಡಿ ಇದ್ದರೆ ಸಾಸಿವೆ ಹೂವಿನ ನಾಲ್ಕು ಗಂಟುಗಳೂ ಕಾಣುತ್ತವೆ.

ಫಾರ್ವರ್ಡ್ ಮಾಡುವ ಮುನ್ನ

ಹೂವಿನ ಪರಿಮಳಕ್ಕೆ ಹಾವು ಬರುತ್ತದೆ: ಸುಳ್ಳು. ಹಾವು ಬರುವುದು ಬೇಟೆಗೆ ಮತ್ತು ಮರೆಗೆ.

ಹೂವಿನಲ್ಲಿ ಜೇನುತುಪ್ಪ ಇರುತ್ತದೆ: ಸುಳ್ಳು. ಇರುವುದು ಮಕರಂದ, ಅದನ್ನು ಜೇನಾಗಿಸುವುದು ನೊಣ.

ಸುವರ್ಣಗೆಡ್ಡೆಯ ಹೂವು ಕೇಡಿನ ಗುರುತು: ಸುಳ್ಳು. ಆ ವಾಸನೆ ಕೀಟಗಳಿಗೆ ಕೊಟ್ಟ ಕರೆ.

ಜೇನ್ನೊಣ ಕುಡಿದದ್ದು ಮನುಷ್ಯರಿಗೂ ಕ್ಷೇಮ: ಸುಳ್ಳು, ಮತ್ತು ಅಪಾಯಕಾರಿ.

ಇಂಥ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ ಕಳಿಸಿದವರನ್ನು ಹೀಯಾಳಿಸಬೇಡಿ. ಈ ನಾಲ್ಕು ಸಾಲುಗಳನ್ನು ಅಲ್ಲಿಗೆ ಕಳಿಸಿ. ಮಕ್ಕಳಿರುವ ಮನೆಯವರಿಗೆ ಕೊನೆಯ ಸಾಲನ್ನು ಮೊದಲು ಕಳಿಸಿ.